ವೇಗಸ್ ದಾರಿಯ ಎಡಗಡೆಯ ಗುಡ್ಡ

ಊರಿನಿಂದ ಅಪ್ಪ ಅಮ್ಮ ಬಂದರೆ ದಕ್ಷಿಣ ಕ್ಯಾಲಿಫೋರ್ನಿಯಾದ ನಾವು ಕನ್ನಡಿಗರು ಅವರನ್ನು ಎಲ್ಲೆಲ್ಲಿಗೆ ಕರೆದೊಯ್ಯುತ್ತೇವೆ ಎಂಬುದು ಹೆಚ್ಚು ಕಡಿಮೆ ಮೊದಲೇ ಗೊತ್ತಾಗಿರುತ್ತದೆ. ಮೊದಲು ಮಾಲಿಬು ದೇವಸ್ಥಾನ, ಆಮೇಲೆ ಡಿಸ್ನಿಲ್ಯಾಂಡ್, ಕಡೆಗೆ ಲಾಸ್ ವೇಗಸ್. ಈ ಕಡೆಯದಕ್ಕೆ ಬೆಳಿಗ್ಗೆ ಆರಕ್ಕೇ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೊರಡುವುದು, ಬಾರ್‌ಸ್ಟೋದಲ್ಲಿ ಪೆಟ್ರೋಲು, ಬೇಕರ್‌ನ ಆ ಎತ್ತರದ ಥರ್ಮಾಮೀಟರಿನ ಮುಂದೆ ಒಂದು ಫೋಟೋ. ಅಲ್ಲಿಂದ ಮುಂದೆ ಯಾರೂ ಕಿಟಕಿಯಿಂದ ಹೊರಗೆ ನೋಡುವುದಿಲ್ಲ. ಇಷ್ಟು ವರ್ಷ ನಾನೂ ನೋಡಿರಲಿಲ್ಲ. ನೋಡಿದವರು ನಮ್ಮಪ್ಪ.

"ಅದೇನು ಮಾರಾಯಾ, ಹಸಿರು ಹುಲ್ಲೂ ಹುಟ್ಟದ ಈ ಗುಡ್ಡದ ಮೇಲೆ ಇಷ್ಟು ದೊಡ್ಡ ಕಾರ್ಖಾನೆ?" ಎಂದು ಕೇಳಿದರು. ಆಗ ನಾವು ಸುಮಾರು 4,700 ಅಡಿ ಎತ್ತರದ ಘಟ್ಟದ ನೆತ್ತಿಯಲ್ಲಿದ್ದೆವು. ಎಡಗಡೆ ಕಟ್ಟಡಗಳು, ಟ್ಯಾಂಕುಗಳು, ಹಿಂದೆ ಮಟ್ಟಸವಾಗಿ ಸುರಿದ ಕಲ್ಲುಮಣ್ಣಿನ ರಾಶಿ. "ಯಾವುದೋ ಚಿನ್ನದ ಗಣಿ ಇರಬೇಕು" ಎಂದು ಬಾಯಿಗೆ ಬಂದದ್ದನ್ನು ಹೇಳಿ ಕಾರು ಓಡಿಸಿದೆ. ಅಪ್ಪ ಮೇಷ್ಟ್ರಾಗಿ ನಿವೃತ್ತರಾದವರು. ಹುಡುಗರು ತಿಳಿದು ಹೇಳುವುದು ಯಾವುದು, ತೇಲಿಸಿ ಹೇಳುವುದು ಯಾವುದು ಎಂದು ಅವರಿಗೆ ಚೆನ್ನಾಗಿ ಗೊತ್ತು. ರಾತ್ರಿ ಹೋಟೆಲಿನಲ್ಲಿ ಮತ್ತೆ ಕೇಳಿದರು. ಕೊನೆಗೆ ನಾನು ಕೂತು ಓದಲೇಬೇಕಾಯಿತು. ಅದರ ಫಲವೇ ಈ ಬರಹ.

ಆ ಜಾಗದ ಹೆಸರು ಮೌಂಟನ್ ಪಾಸ್. ಅಲ್ಲಿ ತೆಗೆಯುವುದು ರೇರ್ ಅರ್ತ್, ಅಂದರೆ ವಿರಳ ಭಸ್ಮ ಧಾತುಗಳು. ಲ್ಯಾಂಥನಮ್‌ನಿಂದ ಲುಟೀಷಿಯಮ್‌ವರೆಗಿನ ಹದಿನೈದು, ಜೊತೆಗೆ ಯಿಟ್ರಿಯಮ್ ಮತ್ತು ಸ್ಕ್ಯಾಂಡಿಯಮ್, ಒಟ್ಟು 17. ಹೆಸರಿನಲ್ಲಿ ವಿರಳ ಎಂದಿದ್ದರೂ ಇವುಗಳಲ್ಲಿ ಒಂದಾದ ಸೀರಿಯಮ್ ಭೂಮಿಯ ತೊಗಟೆಯಲ್ಲಿ ಹೆಚ್ಚು ಕಡಿಮೆ ತಾಮ್ರದಷ್ಟೇ ಇದೆ. ಇವು ಸಿಗುವುದು ಕಷ್ಟವಲ್ಲ, ಬಿಡಿಸುವುದು ಕಷ್ಟ. ರಾಸಾಯನಿಕ ಗುಣದಲ್ಲಿ ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ; ಒಂದು ಇದ್ದ ಕಲ್ಲಿನಲ್ಲಿ ಉಳಿದವೂ ಮೈಗೆ ಮೈ ತಾಗಿಸಿ ಕೂತಿರುತ್ತವೆ.

ಈ ಕಥೆ ಶುರುವಾದದ್ದು ಸ್ವೀಡನ್ನಿನ ಇಟ್ಟರ್ಬಿ ಎಂಬ ಹಳ್ಳಿಯಲ್ಲಿ, 1787ರಲ್ಲಿ. ಆರೇನಿಯಸ್ ಎಂಬ ಸೈನ್ಯಾಧಿಕಾರಿ ಅಲ್ಲಿನ ಕಲ್ಲುಗಣಿಯಲ್ಲಿ ಭಾರವಾದ ಒಂದು ಕಪ್ಪು ಕಲ್ಲನ್ನು ಕಂಡ. 1794ರಲ್ಲಿ ಗ್ಯಾಡೋಲಿನ್ ಎಂಬ ರಸಾಯನ ಪಂಡಿತ ಅದರಿಂದ ಹೊಸದೊಂದು 'ಅರ್ತ್' ತೆಗೆದ. ಆ ಕಾಲದವರು ಲೋಹ ಆಮ್ಲಜನಕದೊಡನೆ ಕೂಡಿ ಆದ ಪುಡಿಗೆ ಅರ್ತ್ ಎನ್ನುತ್ತಿದ್ದರು. ನಮ್ಮ ಪಠ್ಯಪುಸ್ತಕ ಬರೆದ ಹಿರಿಯರು ಅದನ್ನು 'ಮಣ್ಣು' ಎನ್ನದೆ 'ಭಸ್ಮ' ಎಂದರು. ಎಷ್ಟು ಸರಿಯಾದ ಮಾತು ಎಂಬುದು ಮುಂದೆ ಗೊತ್ತಾಗುತ್ತದೆ. ಆ ಪುಟ್ಟ ಹಳ್ಳಿಯ ಹೆಸರಿನಿಂದಲೇ ಯಿಟ್ರಿಯಮ್, ಟರ್ಬಿಯಮ್, ಎರ್ಬಿಯಮ್, ಇಟರ್ಬಿಯಮ್ ಎಂಬ ನಾಲ್ಕು ಧಾತುಗಳಿಗೆ ನಾಮಕರಣವಾಯಿತು.

ಒಂದು ಎಂದುಕೊಂಡದ್ದು ಎರಡಾಗುವುದು, ಆ ಎರಡರಲ್ಲಿ ಒಂದು ಮತ್ತೆ ಎರಡಾಗುವುದು, ಹತ್ತೊಂಬತ್ತನೆಯ ಶತಮಾನವಿಡೀ ಇದೇ ಕೆಲಸ. ಮೊಸಾಂಡರ್ ಎಂಬಾತ 'ಡಿಡಿಮಿಯಮ್' ಎಂದು ಹೆಸರಿಟ್ಟ ಧಾತು, ಹೆಸರಿಗೆ ತಕ್ಕಂತೆ ಅವಳಿಯೇ ಆಗಿತ್ತು. 1885ರಲ್ಲಿ ವಿಯೆನ್ನಾದ ಔವರ್ ಫಾನ್ ವೆಲ್ಸ್‌ಬಾಖ್ ಅದನ್ನು ಪ್ರೇಸಿಯೊಡೈಮಿಯಮ್, ನಿಯೊಡೈಮಿಯಮ್ ಎಂದು ಎರಡು ಮಾಡಿದ. ವಿಧಾನ ಬಹಳ ಸರಳ, ತಾಳ್ಮೆ ಮಾತ್ರ ಅಪಾರ ಬೇಕು. ಉಪ್ಪನ್ನು ನೀರಿನಲ್ಲಿ ಕರಗಿಸಿ ಹರಳು ಕಟ್ಟಿಸಬೇಕು. ಒಬ್ಬ ಸೋದರ ಹರಳಿನಲ್ಲಿ ಕೂದಲೆಳೆಯಷ್ಟು ಹೆಚ್ಚು, ಇನ್ನೊಬ್ಬ ನೀರಿನಲ್ಲಿ ಕೂದಲೆಳೆಯಷ್ಟು ಹೆಚ್ಚು ಉಳಿಯುತ್ತಾನೆ. ಹರಳನ್ನು ತೆಗೆದು ಮತ್ತೆ ಕರಗಿಸಬೇಕು, ಮತ್ತೆ ಕಟ್ಟಿಸಬೇಕು. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲಿದ್ದ ಚಾರ್ಲ್ಸ್ ಜೇಮ್ಸ್ 1911ರಲ್ಲಿ ಶುದ್ಧ ಥೂಲಿಯಮ್ ಪಡೆಯಲು ಹೀಗೆ 15,000 ಸಲ ಮಾಡಿದನಂತೆ. ಜಪಮಾಲೆ ಹಿಡಿದವರಿಗೂ ಇಷ್ಟು ತಾಳ್ಮೆ ಇರಲಾರದು.

ಹೋಟೆಲಿನಲ್ಲಿ ನಾನು ಇದನ್ನು ಓದಿ ಹೇಳುತ್ತಿದ್ದಾಗ ವೆಲ್ಸ್‌ಬಾಖ್‌ನ ಇನ್ನೊಂದು ಸಂಗತಿ ಬಂತು. ಗ್ಯಾಸ್‌ಲೈಟಿನ ಮ್ಯಾಂಟಲ್ ಕಂಡುಹಿಡಿದವನೂ ಅವನೇ. 1891ರ ಹೊತ್ತಿಗೆ ಅವನಿಗೆ ಸಿಕ್ಕ ಹದ, ಥೋರಿಯಮ್ ಭಸ್ಮ ನೂರಕ್ಕೆ 99, ಸೀರಿಯಮ್ ಭಸ್ಮ ನೂರಕ್ಕೆ 1. ಅಪ್ಪ ಎದ್ದು ಕೂತರು. ಅವರ ಹುಡುಗುತನದಲ್ಲಿ ಊರಿಗೆ ಕರೆಂಟು ಬಂದಿರಲಿಲ್ಲ. ಬಯಲಾಟವಿದ್ದ ರಾತ್ರಿ ಗದ್ದೆಯಲ್ಲಿ ರಂಗಸ್ಥಳದ ಎರಡು ಬದಿಗೂ ಗ್ಯಾಸ್‌ಲೈಟು ತೂಗುಹಾಕುತ್ತಿದ್ದರು. "ಹೊಸ ಮ್ಯಾಂಟಲ್ ಅಂದರೆ ಮೆತ್ತಗಿನ ಬಿಳಿ ಚೀಲ ಕಣೋ. ಕಟ್ಟಿ ಬೆಂಕಿ ಹಚ್ಚಿದರೆ ಬಟ್ಟೆಯೆಲ್ಲ ಸುಟ್ಟುಹೋಗಿ ಬೂದಿಯದೇ ಒಂದು ಗೂಡು ಉಳೀತದೆ. ಬೆಳಕು ಕೊಡೋದು ಆ ಬೂದಿ. ಬೆರಳು ತಾಗಿಸಿದರೆ ಮುಗೀತು, ಪುಡಿಪುಡಿ. ಭಾಗವತರು ಏರುಪದ ಹಾಡುವಾಗ ಯಾರಾದರೂ ಕಂಬಕ್ಕೆ ಢಿಕ್ಕಿ ಹೊಡೆದರೆ ರಂಗಸ್ಥಳವೆಲ್ಲ ಕತ್ತಲೆ." ಭಸ್ಮ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ಯಾವ ನಿಘಂಟಿನಲ್ಲಿದೆ?

ಆ ಮ್ಯಾಂಟಲಿನ ಥೋರಿಯಮ್ ಬರುವುದು ಮೊನಜೈಟ್ ಎಂಬ ಖನಿಜದಿಂದ. ಮೊನಜೈಟಿನಲ್ಲಿ ಥೋರಿಯಮ್ ಸ್ವಲ್ಪ, ವಿರಳ ಭಸ್ಮಗಳೇ ಹೆಚ್ಚು. 1909ರಲ್ಲಿ ಜರ್ಮನಿಯ ಷೋಂಬರ್ಗ್ ಎಂಬಾತ ತಿರುವಾಂಕೂರಿನ ಕಡಲ ಕರೆಯಲ್ಲಿ, ಮಣವಾಳಕುರಿಚ್ಚಿಯ ಕಡೆ, ಮೊನಜೈಟ್ ಮರಳನ್ನು ಗುರುತಿಸಿದ. ಯುರೋಪಿಗೆ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನಿಂದ ಸುಳಿವು ಸಿಕ್ಕಿತೆಂದು ಕಥೆ. ಆಮೇಲೆ ದಶಕಗಳ ಕಾಲ ನಮ್ಮ ಮರಳು ಹಡಗು ಹತ್ತಿ ಹೋಯಿತು, ಮ್ಯಾಂಟಲ್ ಆಗಿ ವಾಪಸು ಬಂತು. ಹತ್ತಿ ಹೋಗಿ ಮ್ಯಾಂಚೆಸ್ಟರ್ ಬಟ್ಟೆಯಾಗಿ ಬಂದ ಕಥೆಯನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಮರಳಿನ ಕಥೆಯನ್ನು ಯಾರೂ ಹೇಳಿಕೊಡಲಿಲ್ಲ.

ಅಣುಬಾಂಬು ಸಿಡಿದ ಮೇಲೆ ಥೋರಿಯಮ್‌ಗೆ ಬೇರೆಯೇ ಬೆಲೆ ಬಂತು. 1946ರಲ್ಲಿ ಭಾರತದಿಂದ ಮೊನಜೈಟ್ ರಫ್ತು ನಿಂತಿತು. ಷಿಕಾಗೋ ಹತ್ತಿರ ಮ್ಯಾಂಟಲ್ ಮತ್ತು ರಾಸಾಯನಿಕ ತಯಾರಿಸುತ್ತಿದ್ದ ಲಿಂಡ್ಸೆ ಕಂಪನಿ ಭಾರತದ ಮರಳನ್ನೇ ನೆಚ್ಚಿಕೊಂಡಿತ್ತು, ಅದಕ್ಕೆ ಪೇಚಾಟ. ಮರಳು ಬೇಕಾದರೆ ಇಲ್ಲೇ ಸಂಸ್ಕರಿಸಿದ್ದನ್ನು ಕೊಂಡುಕೊಳ್ಳಿ ಎಂಬುದು ಸ್ವತಂತ್ರ ಭಾರತದ ನಿಲುವು. 1950ರಲ್ಲಿ ಇಂಡಿಯನ್ ರೇರ್ ಅರ್ತ್ಸ್ ಸ್ಥಾಪನೆಯಾಯಿತು. ಕೇರಳದ ಆಲುವಾದ ಕಾರ್ಖಾನೆಯನ್ನು 1952ರ ಡಿಸೆಂಬರಿನಲ್ಲಿ ನೆಹರೂ ಉದ್ಘಾಟಿಸಿದರು. ನಡುವೆ 1951ರಲ್ಲಿ, ದೇಶದಲ್ಲಿ ಅನ್ನಕ್ಕೆ ತತ್ವಾರವಾಗಿ 20 ಲಕ್ಷ ಟನ್ ಧಾನ್ಯ ಕೇಳಿದಾಗ, ಅಮೆರಿಕದ ಸಂಸತ್ತಿನಲ್ಲಿ ಕೆಲವರು "ಗೋಧಿ ಕೊಡುತ್ತೇವೆ, ಮೊನಜೈಟ್ ಬಿಡಲಿ" ಎಂಬ ವಾದ ತೆಗೆದರು. ನೆಹರೂ ಆ ಗಂಟು ಹಾಕಲು ಒಪ್ಪಲಿಲ್ಲ. ಗೋಧಿ ಸಾಲವಾಗಿ ಬಂತು, 19 ಕೋಟಿ ಡಾಲರ್. ಹಸಿದ ದೇಶವೊಂದು ಹಾಗೆ ನಿಂತದ್ದು ಸಣ್ಣ ಮಾತಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅಪ್ಪನ ಊರಿನಲ್ಲಿ ಬಯಲಾಟ ನಡೆಯುತ್ತಿದ್ದ ಕಾಲಕ್ಕೆ, 1955ರಿಂದ, ಮ್ಯಾಂಟಲಿಗೆ ಬೇಕಾದ ಥೋರಿಯಮ್ ನೈಟ್ರೇಟ್ ಮುಂಬಯಿಯ ಟ್ರಾಂಬೆಯಲ್ಲೇ ತಯಾರಾಗತೊಡಗಿತ್ತು.

ಹೀಗೆ ಭಾರತದ ಮರಳು ಬರುವುದು ನಿಂತ ಹೊತ್ತಿನಲ್ಲೇ ನಮ್ಮ ವೇಗಸ್ ದಾರಿಯ ಗುಡ್ಡ ಕಣ್ಣಿಗೆ ಬಿತ್ತು. ಅದೂ ಬೇರೆ ಏನನ್ನೋ ಹುಡುಕುವಾಗ.

1948ರಲ್ಲಿ ಅಮೆರಿಕದ ಅಣುಶಕ್ತಿ ಆಯೋಗ ಒಳ್ಳೆಯ ಯುರೇನಿಯಮ್ ಅದಿರು ಕಂಡುಹಿಡಿದವರಿಗೆ 10,000 ಡಾಲರ್ ಬಹುಮಾನ ಸಾರಿತು. ಸರಿ, ಗೈಗರ್ ಕೌಂಟರ್ ಹಿಡಿದವರೆಲ್ಲ ಗುಡ್ಡ ಹತ್ತಿದರು. ನೆವಾಡದ ಗುಡ್‌ಸ್ಪ್ರಿಂಗ್ಸ್ ಎಂಬ ಊರಿನ ಹರ್ಬರ್ಟ್ ವುಡ್‌ವರ್ಡ್ ಮತ್ತು ಕ್ಲಾರೆನ್ಸ್ ವಾಟ್ಕಿನ್ಸ್ ಕೂಡ ಹೊರಟರು. ಮೌಂಟನ್ ಪಾಸಿನಲ್ಲಿ ಸಲ್ಫೈಡ್ ಕ್ವೀನ್ ಎಂಬ ಹಳೆಯ ಚಿನ್ನದ ಗಣಿ ಇತ್ತು. (ನಾನು ಅಪ್ಪನಿಗೆ ಬಾಯಿಗೆ ಬಂದದ್ದು ಹೇಳಿದೆನಲ್ಲ, ಅದು ಪೂರ್ತಿ ಸುಳ್ಳಲ್ಲ ನೋಡಿ!) ಅದರ ಆಸುಪಾಸಿನಲ್ಲಿ ಅಲೆಯುತ್ತಿದ್ದಾಗ, 1949ರ ಏಪ್ರಿಲ್ ತಿಂಗಳಲ್ಲಿ, ಒಂದು ಕಡೆ ಕೌಂಟರ್ ಟಿಕ್ ಟಿಕ್ ಎಂದು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಅಂದು ವುಡ್‌ವರ್ಡ್‌ನ ಹುಟ್ಟುಹಬ್ಬ. ಆ ಜಾಗಕ್ಕೆ 'ಬರ್ತ್‌ಡೇ' ಎಂದೇ ಹೆಸರಿಟ್ಟು ಹಕ್ಕು ದಾಖಲಿಸಿದರು.

ಆದರೆ ಅಲ್ಲಿ ಸಿಕ್ಕಿದ ಕಂದುಬಣ್ಣದ ಭಾರದ ಕಲ್ಲು ಯುರೇನಿಯಮ್ ಅದಿರಾಗಿರಲಿಲ್ಲ. ತುಂಡನ್ನು ಬೋಲ್ಡರ್ ಸಿಟಿಯ ಸರಕಾರಿ ಗಣಿ ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ಅದನ್ನು ಸ್ಪೆಕ್ಟ್ರೋಗ್ರಾಫಿನಲ್ಲಿ ಪರೀಕ್ಷಿಸಿದರು. ಪುಡಿಯನ್ನು ಉರಿಸಿ ಆ ಬೆಳಕನ್ನು ಪಟ್ಟೆ ಪಟ್ಟೆಯಾಗಿ ಬಿಡಿಸಿ ನೋಡಿದರೆ ಪ್ರತಿಯೊಂದು ಧಾತುವೂ ತನ್ನದೇ ಗೆರೆಗಳನ್ನು ಬಿಡುತ್ತದೆ, ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ಕಲ್ಲಿನ ತುಂಬ ವಿರಳ ಭಸ್ಮಗಳು! ಖನಿಜದ ಹೆಸರು ಬಾಸ್ಟ್ನಸೈಟ್. ಮೊದಲು ಸಿಕ್ಕಿದ್ದ ಸ್ವೀಡನ್ನಿನ ಬಾಸ್ಟ್ನಸ್ ಗಣಿಯಿಂದ ಬಂದ ಹೆಸರು. ಕೌಂಟರ್ ಕೂಗಿದ್ದು ಕಲ್ಲಿನಲ್ಲಿದ್ದ ಥೋರಿಯಮ್‌ಗೆ. ಅಂದರೆ, ಬೇಕಾದ ವಸ್ತುವಿಗೆ ದನಿಯೇ ಇಲ್ಲ. ಅದರ ಜೊತೆಗಿದ್ದ ಬೇಡದ ವಸ್ತುವೇ ಅದರ ವಿಳಾಸ ಹೇಳಿತು. ಈ ಥೋರಿಯಮ್ ಮುಂದೆ ಇನ್ನೊಂದು ಸಲ ಕಥೆಯೊಳಗೆ ಬರುತ್ತದೆ, ಆಗ ಉಪಕಾರಿಯಾಗಿ ಅಲ್ಲ.

ಅಮೆರಿಕದ ಭೂವಿಜ್ಞಾನ ಇಲಾಖೆಯವರು ಬಂದು ಗುಡ್ಡವನ್ನು ಅಳೆದರು. ಬರ್ತ್‌ಡೇ ಬರೀ ಸಣ್ಣ ಎಳೆ. ನಿಜವಾದ ಗಂಟು ಸಲ್ಫೈಡ್ ಕ್ವೀನ್ ಗಣಿಯ ಮಗ್ಗುಲಲ್ಲೇ ಇತ್ತು, ಸುಮಾರು 2,400 ಅಡಿ ಉದ್ದ, 700 ಅಡಿ ಅಗಲದ ಒಂದೇ ಬಂಡೆ. ಸುಮಾರು 140 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಬಂದು ಗಟ್ಟಿಯಾದದ್ದು, ನೂರಕ್ಕೆ ಏಳೆಂಟು ಪಾಲು ವಿರಳ ಭಸ್ಮ. ಚಿನ್ನ ಹುಡುಕುವವರು ವರ್ಷಗಟ್ಟಲೆ ಅದರ ಮೇಲೆಯೇ ಓಡಾಡಿದ್ದರು. 1950ರಲ್ಲಿ ಮಾಲಿಬ್ಡಿನಮ್ ಕಾರ್ಪೊರೇಷನ್ ಎಂಬ ಕಂಪನಿ ಹಕ್ಕು ಕೊಂಡಿತು. 1952ರಲ್ಲಿ ಉತ್ಪಾದನೆ ಶುರುವಾಯಿತು. ಹುಡುಕುವ ಕೆಲಸ ಇಷ್ಟೇ. ಹುಟ್ಟುಹಬ್ಬದ ದಿನದಿಂದ ಲೆಕ್ಕ ಹಾಕಿದರೆ ಒಂದು ವರ್ಷವೂ ಹಿಡಿಯಲಿಲ್ಲ.

ಕೊಳ್ಳುವವರೇ ಇರಲಿಲ್ಲ ಎಂಬುದು ಮುಂದಿನ ತೊಂದರೆ. ಸಿಗರೇಟ್ ಲೈಟರಿನ ಕಿಡಿಕಲ್ಲಿಗೆ, ಗಾಜಿಗೆ ಪಾಲಿಷ್ ಕೊಡುವ ಪುಡಿಗೆ ಎಷ್ಟು ಬೇಕಾದೀತು? ಕಂಪನಿಯ ಕೈಹಿಡಿದದ್ದು ಬಣ್ಣದ ಟಿವಿ. ಮೊದಮೊದಲ ಬಣ್ಣದ ಟಿವಿಗಳಲ್ಲಿ ಕೆಂಪು ಬಹಳ ಮಂಕು. ಅದಕ್ಕೆ ಸರಿಹೊಂದಿಸಲು ಹಸಿರು, ನೀಲಿಗಳನ್ನೂ ಮಂಕು ಮಾಡಬೇಕಾಗುತ್ತಿತ್ತು. 1964ರಲ್ಲಿ ಲೆವಿನ್ ಮತ್ತು ಪಾಲಿಲ್ಲಾ ಎಂಬ ಇಬ್ಬರು ವಿಜ್ಞಾನಿಗಳು ಯುರೋಪಿಯಮ್ ಬೆರೆಸಿದ ಯಿಟ್ರಿಯಮ್ ಸಂಯುಕ್ತದಿಂದ ಕುಂಕುಮದಂಥ ಕೆಂಪು ತೆಗೆದರು. ಒಮ್ಮೆಲೇ ಎಲ್ಲರಿಗೂ ಯುರೋಪಿಯಮ್ ಬೇಕಾಯಿತು.

ಈಗ ಲೆಕ್ಕ ನೋಡಿ. ಮೌಂಟನ್ ಪಾಸಿನ ಒಂದು ಟನ್ ಕಲ್ಲಿನಲ್ಲಿ ವಿರಳ ಭಸ್ಮಗಳೆಲ್ಲ ಸೇರಿ ಸುಮಾರು 70 ಕಿಲೋ. ಅದರಲ್ಲಿ ಯುರೋಪಿಯಮ್ ಸಾವಿರಕ್ಕೆ ಒಂದು ಪಾಲು, ಅಂದರೆ ಸುಮಾರು 70 ಗ್ರಾಂ. ಒಂದು ಟನ್ ಬಂಡೆಯಿಂದ ಒಂದು ಹಿಡಿ ಪುಡಿ ಬೇರೆ ಮಾಡುವುದು ಹೇಗೆ? ಮೊದಲು ಕಲ್ಲನ್ನು ಹಿಟ್ಟಿನಂತೆ ಅರೆಯುತ್ತಾರೆ. ಆ ಹಿಟ್ಟಿನ ಗಂಜಿಯನ್ನು ಬಿಸಿಮಾಡಿ ಸೋಡಾ, ಮರದ ಎಣ್ಣೆ ಮೊದಲಾದವನ್ನು ಬೆರೆಸಿ ಗಾಳಿ ಊದಿದರೆ ಬಾಸ್ಟ್ನಸೈಟ್ ಕಣಗಳು ನೊರೆಗೆ ಅಂಟಿ ಮೇಲೆ ಬರುತ್ತವೆ. ಈ ನೊರೆ ತೆಗೆದು ಒಣಗಿಸಿದರೆ ನೂರಕ್ಕೆ 60 ಪಾಲು ವಿರಳ ಭಸ್ಮ. ಅದನ್ನು ಕುಲುಮೆಯಲ್ಲಿ ಹುರಿಯುತ್ತಾರೆ. ಹುರಿದಾಗ ಸೀರಿಯಮ್‌ನ ಗುಣ ಮಾತ್ರ ಬದಲಾಗುತ್ತದೆ. ಆಮ್ಲಕ್ಕೆ ಹಾಕಿದರೆ ಉಳಿದವು ಕರಗುತ್ತವೆ, ಸೀರಿಯಮ್ ಕರಗದೆ ತಳದಲ್ಲಿ ಕೂರುತ್ತದೆ.

ಆಮೇಲಿನದೇ ಕಠಿಣ. ಕರಗಿದ ನೀರಿನ ಜೊತೆ ಒಂದು ಬಗೆಯ ಆಮ್ಲ ಬೆರೆಸಿದ ಸೀಮೆಎಣ್ಣೆಯನ್ನು ಹಾಕಿ ಕಲಕುತ್ತಾರೆ, ಬಿಡುತ್ತಾರೆ. ಎಣ್ಣೆ ಮೇಲೆ, ನೀರು ಕೆಳಗೆ. ಭಾರದ ಧಾತುಗಳು ಎಣ್ಣೆಯ ಕಡೆಗೆ ಸ್ವಲ್ಪ ಹೆಚ್ಚು ವಾಲುತ್ತವೆ, ಹಗುರದವು ನೀರಿನಲ್ಲೇ ಉಳಿಯುತ್ತವೆ. ಆ ಎಣ್ಣೆ ಮುಂದಿನ ತೊಟ್ಟಿಗೆ, ಮತ್ತೆ ಕಲಕುವುದು, ಮತ್ತೆ ಮುಂದಿನದಕ್ಕೆ, ಹೀಗೆ ಸಾಲು ಸಾಲು ತೊಟ್ಟಿಗಳು. ಚಾರ್ಲ್ಸ್ ಜೇಮ್ಸ್ ಕೈಯಲ್ಲಿ ಮಾಡಿದ ತಪಸ್ಸನ್ನು ಇಲ್ಲಿ ಪಂಪುಗಳು ಹಗಲೂ ರಾತ್ರಿ ಮಾಡುತ್ತವೆ. ಕೊನೆಗೆ ಯುರೋಪಿಯಮ್‌ಗೆ ಸತುವಿನ ಸಂಪರ್ಕ ಕೊಟ್ಟರೆ ಅದೊಂದೇ ಸೋದರರ ಗುಣ ಬಿಟ್ಟು ಬೇರೆ ಸ್ಥಿತಿಗೆ ಇಳಿಯುತ್ತದೆ. ಆಗ ಸಲ್ಫೇಟಾಗಿ ತಳಕ್ಕೆ ಇಳಿಸಿ ಹಿಡಿಯಬಹುದು. 1965ರಲ್ಲಿ ಇದಕ್ಕಾಗಿ ಗುಡ್ಡದ ಮೇಲೆ ಪ್ರತ್ಯೇಕ ಸ್ಥಾವರ ಕಟ್ಟಿದರು. ಮುಂದಿನ ಇಪ್ಪತ್ತು ವರ್ಷ ಜಗತ್ತಿನ ವಿರಳ ಭಸ್ಮ ವ್ಯಾಪಾರದಲ್ಲಿ ಮೌಂಟನ್ ಪಾಸಿಗೆ ಎದುರಿಲ್ಲ.

ಈ ಅವಧಿಯ ಕೊನೆಯಲ್ಲಿ, 1983ರ ಸುಮಾರಿಗೆ, ಜಪಾನಿನ ಸುಮಿಟೊಮೊ ಮತ್ತು ಇಲ್ಲಿನ ಜನರಲ್ ಮೋಟಾರ್ಸ್ ಒಬ್ಬರಿಗೊಬ್ಬರು ತಿಳಿಯದಂತೆ ನಿಯೊಡೈಮಿಯಮ್, ಕಬ್ಬಿಣ, ಬೋರಾನ್ ಸೇರಿಸಿ ಹಿಂದೆಂದೂ ಇಲ್ಲದಷ್ಟು ಬಲದ ಅಯಸ್ಕಾಂತ ತಯಾರಿಸಿದವು. ಇಂದು ವಿದ್ಯುತ್ ಕಾರು, ಗಾಳಿಯಂತ್ರ, ಕ್ಷಿಪಣಿ, ನಿಮ್ಮ ಜೇಬಿನ ಫೋನು, ಎಲ್ಲದರಲ್ಲೂ ಅದೇ. ವೆಲ್ಸ್‌ಬಾಖ್ ಅಷ್ಟು ಕಷ್ಟಪಟ್ಟು ಅಗಲಿಸಿದ ಆ ಅವಳಿಗಳನ್ನು ಅಯಸ್ಕಾಂತದವರು ಈಗ ಬೇರೆ ಮಾಡದೆ ಜೊತೆಗೇ ಕೊಳ್ಳುತ್ತಾರೆ, ಅದೊಂದು ತಮಾಷೆ.

ಅತ್ತ ಚೀನಾದ ಒಳ ಮಂಗೋಲಿಯಾದಲ್ಲಿ ಬಯನ್ ಓಬೊ ಎಂಬ ಕಬ್ಬಿಣದ ಗುಡ್ಡವಿದೆ. ಅದರಲ್ಲಿ ವಿರಳ ಭಸ್ಮಗಳಿರುವುದು 1930ರ ದಶಕದಲ್ಲೇ ಗೊತ್ತಿತ್ತು. ಗುಡ್ಡ ಇತ್ತು, ಬಿಡಿಸುವ ವಿದ್ಯೆ ಇರಲಿಲ್ಲ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಪಿಎಚ್.ಡಿ. ಮುಗಿಸಿ ಊರಿಗೆ ಮರಳಿದ್ದ ಶು ಗ್ವಾಂಗ್‌ಶಿಯನ್ ಎಂಬ ಪ್ರಾಧ್ಯಾಪಕರಿಗೆ 1972ರಲ್ಲಿ ಅದೇ ಅವಳಿಗಳನ್ನು ಬೇರ್ಪಡಿಸುವ ಕೆಲಸ ವಹಿಸಿದರು. ಎಷ್ಟು ತೊಟ್ಟಿ ಬೇಕು, ಪ್ರತಿಯೊಂದರಲ್ಲಿ ಎಣ್ಣೆ ಎಷ್ಟು, ನೀರು ಎಷ್ಟು ಎಂಬುದನ್ನು ಪ್ರಯೋಗ ಮಾಡಿ ಮಾಡಿ ಕಂಡುಕೊಳ್ಳುವ ಬದಲು ಕಾಗದದ ಮೇಲೆ ಲೆಕ್ಕ ಹಾಕುವ ಸಿದ್ಧಾಂತವನ್ನು ಅವರು ಕಟ್ಟಿದರು. ಅದನ್ನು ಊರೂರಿನ ಕಾರ್ಖಾನೆಯವರಿಗೆ ಕಲಿಸಿದರು. 2015ರಲ್ಲಿ ತೀರಿಕೊಂಡ ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಓದಿ ಮುಗಿಸಿ ಇಲ್ಲಿಯೇ ಉಳಿದುಕೊಂಡ ನನ್ನಂಥವರಿಗೆ ಈ ಭಾಗ ಓದುವಾಗ ಸ್ವಲ್ಪ ಇರಿಸುಮುರುಸಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಎಂಬತ್ತರ ದಶಕದ ಕೊನೆಗೆ ಚೀನಾ ಅಮೆರಿಕವನ್ನು ಹಿಂದೆ ಹಾಕಿತು. ಬೆಲೆ ಬಿತ್ತು. ಅದೇ ಹೊತ್ತಿಗೆ ಮೌಂಟನ್ ಪಾಸಿಗೆ ತನ್ನದೇ ಪಾಪ ಸುತ್ತಿಕೊಂಡಿತು. ಕಾರ್ಖಾನೆಯ ಕೊಳೆನೀರನ್ನು ಸುಮಾರು 14 ಮೈಲಿ ಕೊಳವೆಯಲ್ಲಿ ಹರಿಸಿ ಕೆಳಗಿನ ಐವನ್‌ಪಾ ಒಣಕೆರೆಯ ಕಡೆಯ ಹೊಂಡಗಳಿಗೆ ಬಿಡುತ್ತಿದ್ದರು. ಕೊಳವೆಯ ಒಳಗೆ ಹೆಪ್ಪುಗಟ್ಟುತ್ತಿದ್ದ ಗಸಿಯಲ್ಲಿ ಥೋರಿಯಮ್, ರೇಡಿಯಮ್. ಅದನ್ನು ಕೆರೆದು ತೆಗೆಯುವಾಗ ಕೊಳವೆ ಒಡೆಯುತ್ತಿತ್ತು. 1984ರಿಂದ 1998ರವರೆಗೆ ಸುಮಾರು 60 ಸಲ ಹೀಗಾಗಿ ಆರು ಲಕ್ಷ ಗ್ಯಾಲನ್ ನೀರು ಮರಳುಗಾಡಿಗೆ ಚೆಲ್ಲಿತೆಂದು ತನಿಖೆಯಲ್ಲಿ ಹೊರಬಿತ್ತು. ಎಷ್ಟೋ ಸಲ ಕಂಪನಿ ಹೇಳಿಯೂ ಇರಲಿಲ್ಲ. 1998ರಲ್ಲಿ ಬೇರ್ಪಡಿಸುವ ಸ್ಥಾವರ ನಿಂತಿತು, 2002ರಲ್ಲಿ ಗಣಿಯೂ ಮುಚ್ಚಿತು. ಚೀನಾದ ಪುಡಿ ಅಗ್ಗವಾಗಿತ್ತು ಎನ್ನುವವರು ಬಾವ್‌ಟೌ ಊರಿನ ಹೊರಗಿನ ಕೊಳೆಕೆರೆಯನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಜನರಲ್ ಮೋಟಾರ್ಸ್ ತನ್ನ ಅಯಸ್ಕಾಂತದ ಕಂಪನಿಯನ್ನು 1995ರಲ್ಲಿ ಚೀನೀ ಪಾಲುದಾರರಿದ್ದ ಕೂಟಕ್ಕೆ ಮಾರಿತು. ಕೆಲವು ವರ್ಷಗಳಲ್ಲಿ ಇಂಡಿಯಾನಾದ ಕಾರ್ಖಾನೆಯೂ ಹೋಯಿತು. ನಮ್ಮ ಆಲುವಾದಲ್ಲಿ ಕೂಡ 2004ರಲ್ಲಿ ಮೊನಜೈಟ್ ಸಂಸ್ಕರಣೆ ನಿಂತಿತು. ಗೋಧಿಗೂ ಬಗ್ಗದೆ ಕಟ್ಟಿದ್ದು, ಅಗ್ಗದ ಬೆಲೆಯ ಎದುರು ಬಗ್ಗಿತು.

ಇಲ್ಲಿಂದ ಮುಂದಿನದು ಪತ್ರಿಕೆಗಳಲ್ಲಿ ನೀವೇ ಓದಿರುತ್ತೀರಿ. 2010ರಲ್ಲಿ ದ್ವೀಪಗಳ ಜಗಳದಲ್ಲಿ ಚೀನಾದಿಂದ ಜಪಾನಿಗೆ ಸರಬರಾಜು ನಿಂತಾಗ ಎಲ್ಲರಿಗೂ ಎಚ್ಚರವಾಯಿತು. ಬೆಲೆ ಮುಗಿಲಿಗೇರಿತು, ಮಾಲಿಕಾರ್ಪ್ ಕಂಪನಿ ಹಣ ಸುರಿದು ಗಣಿಯನ್ನು ಮತ್ತೆ ತೆರೆಯಿತು, ಬೆಲೆ ಇಳಿಯಿತು, 2015ರಲ್ಲಿ ದಿವಾಳಿ. 2017ರಲ್ಲಿ ಎಂಪಿ ಮೆಟೀರಿಯಲ್ಸ್ ಕೊಂಡುಕೊಂಡಿತು. ಗುಡ್ಡ ಅಗೆದರು, ಅರೆದರು, ನೊರೆ ತೆಗೆದರು. ಆ ಒಣಪುಡಿಯನ್ನು ಏನು ಮಾಡಿದರು ಎನ್ನುತ್ತೀರಿ? ಹಡಗಿಗೆ ಹಾಕಿ ಬಿಡಿಸಿಕೊಡಲು ಚೀನಾಕ್ಕೆ ಕಳಿಸಿದರು. ವರ್ಷಗಟ್ಟಲೆ ಹಾಗೇ ನಡೆಯಿತು. ಇದನ್ನು ಹೇಳಿದಾಗ ಅಪ್ಪ "ನಮ್ಮ ಮರಳು ಹೋದ ಹಾಗೆಯೇ ಅಲ್ಲವೋ" ಎಂದರು. 2023ರಲ್ಲಿ ಗುಡ್ಡದ ಮೇಲೆಯೇ ಅವಳಿಗಳನ್ನು ಬೇರೆ ಮಾಡುವ ಕೆಲಸ ಮತ್ತೆ ಶುರುವಾಯಿತು. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಧಾತುಗಳ ರಫ್ತಿಗೆ ಕಡಿವಾಣ ಹಾಕಿತು. ಎಂಪಿ ಕೂಡ ಅದೇ ತಿಂಗಳು ಚೀನಾಕ್ಕೆ ಪುಡಿ ಕಳಿಸುವುದನ್ನು ನಿಲ್ಲಿಸಿತು. ಜುಲೈಯಲ್ಲಿ ಅಮೆರಿಕದ ರಕ್ಷಣಾ ಇಲಾಖೆ 40 ಕೋಟಿ ಡಾಲರ್ ಹಾಕಿ ಆ ಕಂಪನಿಯ ಪಾಲುದಾರನಾಗಲು ಒಪ್ಪಿತು.

ವಾಪಸು ಬರುವಾಗ ಬೇಲಿ ರೋಡ್ ಎಕ್ಸಿಟ್ ತೆಗೆದುಕೊಂಡು ಹತ್ತಿರ ಹೋಗಿ ನೋಡಿದೆವು. ಹೋಗಬೇಕೆನ್ನುವವರಿಗೆ ಹೇಳಿಬಿಡುತ್ತೇನೆ, ಒಳಗೆ ಬಿಡುವುದಿಲ್ಲ, ಹೊರಗಿನಿಂದಲೇ ನೋಡಿಕೊಂಡು ಬರಬೇಕು, ನೀರು ಜೊತೆಗಿರಲಿ. ಅಪ್ಪ ಹತ್ತು ನಿಮಿಷ ಸುಮ್ಮನೆ ನಿಂತಿದ್ದು, ದಾರಿಬದಿಯ ಒಂದು ಕಲ್ಲನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಬರೀ ಸುಣ್ಣಕಲ್ಲು ಇರಬೇಕು. ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಕ ಹೆಚ್ಚಾಯಿತೆಂದು ಅಮ್ಮ ಅದನ್ನು ತೆಗೆದಿಟ್ಟರು. ಈಗ ನಮ್ಮ ಅಡಿಗೆಮನೆಯ ಕಿಟಕಿಯಲ್ಲಿದೆ.